ಸಪ್ನಾಳ ಕೌದಿ

ದೇಶ ಸುತ್ತಬೇಕು, ಕೋಶ ಓದಬೇಕು ಅಂದರು ಹಿರಿಯರು. ಸುತ್ತಿ ಬಂದವರ ಕಾಟ ಹೇಗೆ ತಾಳಿಕೊಳ್ಳಬೇಕು ಅನ್ನುವುದನ್ನು ಮಾತ್ರ ಹೇಳದೆ ಹೋದರು. ಮಾದನಹಿಪ್ಪರಗಾದ ಮಧುಮತಿ ಮೂವತ್ತೈದು ವರ್ಷ ಆಳಂದ ದಾಟಿದವಳಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಾಗ ತವರಿಗೆ ಬಂದು ಕೂತಳು. ಅಳುತ್ತ ಕೂತವಳ ಕೈಗೆ ಸೂಜಿ ಕೊಟ್ಟು ಕೌದಿ ಹೊಲಿಯಲು ಕಲಿಸಿದ್ದು ಪಕ್ಕದ ಮನೆಯ ಚಂದಮ್ಮ.

ಚಂದಮ್ಮನ ಒಬ್ಬಳೇ ಮಗಳು ಸಪ್ನಾ ಮೊದಲ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅವಳ ಶಾಲೆಯ ಲಂಗ, ಪಂಚಮಿಯ ಪೋಲಕ, ಮದುವೆಯ ಸೀರೆ ಎಲ್ಲ ಸೇರಿಸಿ ಚಂದಮ್ಮ ಒಂದು ಕೌದಿ ಹೊಲಿದಳು. ಹನ್ನೊಂದು ವರ್ಷದಿಂದ ಅದನ್ನೇ ಹೊದ್ದು ಮಲಗುತ್ತಿದ್ದಳು.

ಪುಣೆಯ ಒಂದು ಸಂಸ್ಥೆಯವರು ಕೌದಿ ಹೊಲಿಯುವ ಹೆಂಗಸರಿಗೆ ತಿಂಗಳ ತರಬೇತಿ ಇಟ್ಟು, ನಿಮ್ಮೂರಿನ ಒಳ್ಳೆಯ ಕೌದಿಯೊಂದನ್ನು ಮಾದರಿಗೆ ತನ್ನಿ ಎಂದರು. ಮರಾಠಿ ಬಲ್ಲ ಮಧುಮತಿ ಹೊರಟು ನಿಂತಳು. ಚಂದಮ್ಮ ತನ್ನ ಕೌದಿ ಮಡಚಿ ಅವಳ ಕೈಗಿಟ್ಟಳು.

“ನೋಡ್ಲಿ, ಮುಟ್ಲಿ. ಯಾರಿಗೂ ಕೊಡಬ್ಯಾಡ ಯವ್ವಾ. ಹ್ಯಾಂಗ ಒಯ್ತಿ ಹಾಂಗೇ ತಂದು ಕೊಡು.”

“ತರ್ತೇನಿ ಆಯಿ. ನನ್ನ ಮ್ಯಾಲ ಭರೋಸಾ ಇಡು.”

ಪುಣೆಯಲ್ಲಿ ಮಧುಮತಿಗೆ ರೆಕ್ಕೆ ಮೂಡಿದವು. ತನ್ನ ಬಣ್ಣ, ತನ್ನ ಚಿತ್ರ, ಮೂಲೆಯಲ್ಲಿ ತನ್ನ ಹೆಸರು. ಹಳೆಯದನ್ನು ಮುರಿಯದೆ ಹೊಸದು ಹುಟ್ಟುವುದಿಲ್ಲ ಎಂದು ಅಲ್ಲಿನ ಗುರುಗಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅವರು ಹೇಳಿದ್ದು ಮನಸ್ಸಿನೊಳಗಿನ ಹಳೆಯದನ್ನು. ಇವಳು ಕತ್ತರಿ ಎತ್ತಿಕೊಂಡಳು. ತರಬೇತಿಯ ಕೊನೆಯ ಪ್ರದರ್ಶನ ಹತ್ತಿರ ಬಂದಿತ್ತು, ಅಂಗಡಿಯ ಹೊಸ ಬಟ್ಟೆಯಲ್ಲಿ ಹೊಲಿದದ್ದೆಲ್ಲ ಜೀವವಿಲ್ಲದೆ ಕಾಣುತ್ತಿತ್ತು. ಉಟ್ಟು ಒಗೆದು ಮೆತ್ತಗಾದ ಬಟ್ಟೆಯ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಪ್ನಾಳ ಕೌದಿಯನ್ನು ಕತ್ತರಿಸಿ ಹನ್ನೆರಡು ಹೆಗಲಚೀಲ ಮಾಡಿದಳು. ಕೊಟ್ಟ ಮಾತು ನೆನಪಾಯಿತು, ಸುಳ್ಳಲ್ಲ. ಜನ ಚಪ್ಪಾಳೆ ತಟ್ಟಿದಾಗ ಅದೂ ಮರೆತುಹೋಯಿತು. ಹನ್ನೊಂದು ಮಾರಿಹೋದವು, ಚಂದದ್ದೊಂದನ್ನು ತನಗೆ ಇಟ್ಟುಕೊಂಡಳು.

ಊರಿಗೆ ಬಂದು ಹಸಿ ಸುಳ್ಳು ಹೇಳಿದಳು. “ನಿನ್ನ ಕೌದಿ ಗಾಜಿನ ಕಪಾಟಿನ್ಯಾಗ ಇಟ್ಟಾರ ಆಯಿ. ಮಂದಿ ಬಂದು ಬಂದು ನೋಡಾಕತ್ತಾರ.”

ಚಂದಮ್ಮನ ಮುಖ ಅರಳಿತು. ಅತನೂರಿನ ಗಂಡನ ಮನೆ ಬಿಟ್ಟು ಬೇರೆ ಊರು ಕಾಣದ ಮಗಳು ಈಗ ಪುಣೆಯಲ್ಲಿದ್ದಾಳೆಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಚಳಿ ಬಿತ್ತು. ಬೇರೆ ಕೌದಿ ಹೊದ್ದರೆ ಮಗಳು ನೊಂದುಕೊಳ್ಳುತ್ತಾಳೆಂದು ಮುದುಕಿ ಗೋಣಿತಟ್ಟು ಹೊದ್ದು ಮಲಗಿದಳು. ಮಧುಮತಿಗೆ ಅದು ಗೊತ್ತಿತ್ತು. ಅವಳಿಗೆ ನಾಚಿಕೆಯಾಗಲಿಲ್ಲ, ಕಿರಿಕಿರಿಯಾಯಿತು.

ಸಂಕ್ರಾಂತಿ ಕಳೆದ ಮೇಲೆ ಆಳಂದದ ಮಹಿಳಾ ಸಂಘದವರು ಅವಳ ಭಾಷಣ ಇಟ್ಟರು. ಪ್ರವಾಸ ತನ್ನನ್ನು ಹೇಗೆ ಬೆಳೆಸಿತು ಎಂದು ಅವಳು ಹೇಳಬೇಕಿತ್ತು. ಹೊಲಿಗೆ ಕಲಿಸಿದ ಗುರುವಿಗೆ ಶಾಲು ಹೊದಿಸಿದರೆ ಫೋಟೊ ಚೆನ್ನಾಗಿ ಬರುತ್ತದೆಂದು ಚಂದಮ್ಮನನ್ನೂ ಬಸ್ಸು ಹತ್ತಿಸಿಕೊಂಡು ಬಂದಳು. ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇನ್ನು ಹೆದರಿಕೆ ಯಾತರದ್ದು ಎಂದು ಮಧುಮತಿ ತಾನಿಟ್ಟುಕೊಂಡ ಆ ಚೀಲವನ್ನೂ ಹೆಗಲಿಗೆ ಹಾಕಿಕೊಂಡಿದ್ದಳು.

“ನಾ ಮೊದಲಿನ ಮಧುಮತಿ ಅಲ್ರಿ,” ಎಂದು ಮೈಕಿನಲ್ಲಿ ಹೇಳಿ, ಚೀಲ ತೆಗೆದು ಮುಂದಿನ ಸಾಲಿಗೆ ಕೊಟ್ಟಳು.

ಹೊಲಿಯುವ ಹೆಂಗಸರು ಕಣ್ಣಿಂದ ನೋಡಿ ಬಿಡುವವರಲ್ಲ, ಹೊಲಿಗೆ ಸವರಿ ನೋಡಬೇಕು. ಚೀಲ ಕೈಯಿಂದ ಕೈಗೆ ದಾಟುತ್ತ ಚಂದಮ್ಮನ ತೊಡೆಗೆ ಬಂತು. ತನ್ನ ಕೈಯ ಹೊಲಿಗೆ ಗುರುತಿಸಲು ಆಕೆಗೆ ಕಣ್ಣು ಬೇಕಿಲ್ಲ ಅನ್ನುವುದನ್ನು ಬೆಳೆದು ಬಂದ ಶಿಷ್ಯೆ ಮರೆತೇಬಿಟ್ಟಿದ್ದಳು. ಮುದುಕಿಯ ಬೆರಳು ದಾರದ ಮೇಲೆ ಸರಿಯಿತು, ನಿಂತಿತು, ಮತ್ತೆ ಮೊದಲಿನಿಂದ ಸರಿಯಿತು.

“ಇದು ಆಕಿ ಪಂಚಮಿ ಪೋಲಕ,” ಅಂದಳು. “ಉಳಿದದ್ದು ಎಲ್ಲಿ ಅದ?”

ಮಧುಮತಿ ಮೈಕನ್ನು ಬಾಯಿಂದ ದೂರ ಹಿಡಿದಳು. “ಮಾರಿಹೋದವು ಆಯಿ.”

“ಯಾರಿಗೆ?”

“ಗೊತ್ತಿಲ್ಲ. ಊರೂರಿಂದ ಬಂದ ಮಂದಿ.”

ಚಂದಮ್ಮ ಅಳಲಿಲ್ಲ, ಬೈಯಲಿಲ್ಲ. ಹೊದಿಸಿದ ಶಾಲು ತೆಗೆದು ಕುರ್ಚಿಯ ಮೇಲಿಟ್ಟಳು. ಚೀಲವನ್ನು ಎದೆಗೆ ಅವಚಿಕೊಂಡು ಸಭೆಗೆಲ್ಲ ಕೇಳುವಂತೆ ನಿಧಾನವಾಗಿ ಹೇಳಿದಳು.

“ಹೋಗಿ ತಗೊಂಡು ಬಾ. ಊರು ತಿರುಗೋದು ಕಲ್ತೀಯಲ್ಲ.”

ಮಧುಮತಿ ಮೈಕು ಹಿಡಿದು ನಿಂತೇ ಇದ್ದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಹೊರಡು ಎಂಬಂತೆ ಬಾಗಿಲ ತನಕ ಅವಳಿಗೆ ದಾರಿ ಬಿಟ್ಟು ನಿಂತರು.