ವೈರ್ ಇಲ್ಲದ ನಾಬ್

ನಮ್ಮ ಮಾವನ ಬಾಯಲ್ಲಿ 'ಚೆನ್ನಾಗಿದೆ' ಎಂಬ ಮಾತನ್ನು ನಾನು ಮದುವೆಯಾಗಿ ಬಂದಂದಿನಿಂದ ಕೇಳಿಯೇ ಇರಲಿಲ್ಲ. ಊಟಕ್ಕೆ ಕೂತರೆ ಉಪ್ಪು ಒಂದು ಕಾಳು ಹೆಚ್ಚು. ಕಿಟಕಿಗೆ ಹೊಸ ಪರದೆ ಹಾಕಿದರೆ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ನನ್ನ ಗಂಡ ಮೊದಲ ಸಲ ಕಾರು ತಂದು ಮನೆ ಮುಂದೆ ನಿಲ್ಲಿಸಿದಾಗ, ಮಾವ ಅದರ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಹಾಕಿ, "ಡಬ್ಬದ ಸದ್ದು ಬರುತ್ತಲ್ಲೋ" ಎಂದು ಒಳಗೆ ಹೋಗಿದ್ದರು. ಅತ್ತೆಗೆ ಇದೆಲ್ಲ ಅಭ್ಯಾಸವಾಗಿ ಹೋಗಿತ್ತು. "ಹುಟ್ಟಿದ ತಕ್ಷಣ ಎಲ್ರೂ ಅಳ್ತಾರೆ. ಇವರು ಮಾತ್ರ ಲೈಟು ಸರಿ ಇಲ್ಲ ಅಂದಿರ್ತಾರೆ" ಎನ್ನುತ್ತಿದ್ದರು.

ಮನೆಯಲ್ಲಾದರೆ ಹೇಗೋ ಸಹಿಸಿಕೊಳ್ಳಬಹುದು. ನನ್ನ ಗ್ರಹಚಾರ, ಮಾವ ನನ್ನ ಆಫೀಸಿಗೂ ಬಂದರು. ಕರೆದುಕೊಂಡು ಹೋದವಳು ನಾನೇ. ಯಾರನ್ನು ದೂರಲಿ?

ನಾನು ಕೆಲಸ ಮಾಡುವ ಪುಟ್ಟ ಕಂಪನಿ ಹಳೆಯ ಸ್ಟುಡಿಯೋ ಯಂತ್ರಗಳಿಗೆ ಕಂಪ್ಯೂಟರಿನೊಳಗೆ ಮರುಹುಟ್ಟು ಕೊಡುತ್ತದೆ. ಈ ಸಲದ್ದು ರಿವರ್ಬ್. ಚಿಕ್ಕ ಕೋಣೆಯಲ್ಲಿ ಹಾಡಿದ್ದನ್ನು ದೊಡ್ಡ ಸಭಾಂಗಣದಲ್ಲಿ ಹಾಡಿದ ಹಾಗೆ ಕೇಳಿಸಲು ಹಿಂದೆ ಮಂಚದಷ್ಟು ದೊಡ್ಡ ಉಕ್ಕಿನ ತಗಡನ್ನು ಮರದ ಪೆಟ್ಟಿಗೆಯೊಳಗೆ ಸ್ಪ್ರಿಂಗುಗಳಿಂದ ಬಿಗಿದು ತೂಗುಹಾಕುತ್ತಿದ್ದರು. ಹಾಡನ್ನು ಒಂದು ಕಡೆಯಿಂದ ಅದಕ್ಕೆ ಉಣಿಸಿದರೆ ತಗಡು ಇಡಿಯಾಗಿ ನಡುಗುತ್ತಿತ್ತು. ಆ ನಡುಕವನ್ನು ಇನ್ನೊಂದು ಕಡೆಯಿಂದ ಹಿಡಿದುಕೊಂಡರೆ ದನಿಗೊಂದು ಉದ್ದನೆಯ ಬಾಲ ಸಿಕ್ಕುತ್ತಿತ್ತು. ಮಾವ ಅಂಥದೊಂದು ತಗಡಿನ ಜೊತೆ ತಮ್ಮ ದುಡಿಮೆಯ ಕಾಲವನ್ನೆಲ್ಲ ಕಳೆದವರು. ಅವರ ಸ್ಟುಡಿಯೋ ಮುಚ್ಚಿದಾಗ ಆ ಪೆಟ್ಟಿಗೆಯನ್ನು ನಮ್ಮ ಕಂಪನಿಯ ಯಜಮಾನಿಯೇ ತರಿಸಿ ಆಫೀಸಿನ ಮೂಲೆಯಲ್ಲಿ ಇರಿಸಿಕೊಂಡಿದ್ದರು. ನಾವು ಅದನ್ನು ಅಳೆದು, ತಟ್ಟಿ, ಕೇಳಿ, ಕೊನೆಗೆ ತೆರೆಯ ಮೇಲೆ ಅದರ ತದ್ರೂಪವನ್ನು ನಿಲ್ಲಿಸಿದೆವು. ಚಿತ್ರದಲ್ಲಿ ಮರದ ಗೀರುಗಳು, ತುಕ್ಕು ಹಿಡಿದ ತಿರುಪು, ಎಲ್ಲ ಇದ್ದವು.

"ನಿಮ್ಮ ಮಾವ ಒಪ್ಪಿದ ಮೇಲೇನೇ ಇದು ಮಾರ್ಕೆಟ್ಟಿಗೆ ಹೋಗೋದು" ಎಂದು ಯಜಮಾನಿ ಅಪ್ಪಣೆ ಕೊಟ್ಟರು. "ಅವರ ಕಿವಿ ಹೂಂ ಅಂದಿದೆ ಅಂತ ಜಾಹೀರಾತಲ್ಲಿ ಹಾಕ್ಬೇಕು."

ಇಲ್ಲೊಂದು ಮಾತು ಹೇಳಲೇಬೇಕು. ಸ್ಟುಡಿಯೋ ಮುಚ್ಚಿದ ಮೇಲೆ ಮಾವ ಬನಿಯನ್ನಿನಲ್ಲೇ ದಿನ ದೂಡುತ್ತಿದ್ದರು. ಕಿಟಕಿ ಪಕ್ಕದ ಕುರ್ಚಿ, ಮಡಿಚಿಟ್ಟ ಪೇಪರು, ಅಷ್ಟೆ. ಎರಡು ಸಲ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಆಫೀಸಿನ ಕರೆ ಬಂದ ಮೇಲೆ ಬೆಳಗ್ಗೆ ನನಗಿಂತ ಮುಂಚೆ ಎದ್ದು, ಗಡ್ಡ ಹೆರೆದು, ಅಂಗಿಗೆ ಇಸ್ತ್ರಿ ಹಾಕಿ, ಬಾಗಿಲ ಬಳಿ ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದರು. "ಇನ್ನೂ ತಲೆ ಬಾಚ್ತಾನೇ ಇದೀಯಾ? ಕೆಲಸಕ್ಕೆ ಹೋಗೋರು ಹೀಗಾ?" ಎಂದು ನನಗೇ ಗದರುತ್ತಿದ್ದರು. ಅತ್ತೆ ಅಡುಗೆಮನೆಯಿಂದ ಇಣುಕಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಈರುಳ್ಳಿ" ಎನ್ನುತ್ತಿದ್ದರು. ಒಲೆಯ ಮೇಲೆ ಹಾಲು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಆದರೆ ಅಯ್ಯೋ, ಆಫೀಸಿನಲ್ಲಿ ಅವರ ಕಾಟ! ಮೊದಲ ದಿನ ಚಿತ್ರದ ತಿರುಪು ನೋಡಿ, "ಇದು ಎಡಕ್ಕೆ ವಾಲಿತ್ತು, ನೀವು ನೆಟ್ಟಗೆ ಬರೆದಿದೀರ" ಎಂದರು. ಸರಿಪಡಿಸಿದೆವು. ದನಿಯ ಬಾಲದಲ್ಲಿ ಮರಳು ಉದುರಿದ ಸದ್ದಿದೆ ಎಂದರು. ಅದನ್ನೂ ತೆಗೆದೆವು. ಆಮೇಲೆ ಮರಳು ಇಲ್ಲದೆ ಬೋಳುಬೋಳಾಗಿದೆ ಎಂದರು. ದನಿಯ ಲೆಕ್ಕವನ್ನು ಕಂಪ್ಯೂಟರಿಗೆ ಬರೆದುಕೊಡುವ ನನ್ನ ಸಹೋದ್ಯೋಗಿ, ದಪ್ಪ ಕನ್ನಡಕದ ಹುಡುಗಿ, ನಾವೆಲ್ಲ ಸೋಡಾಬುಡ್ಡಿ ಎಂದು ಕರೆಯುವವಳು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಕೊನೆಗೆ ಮಾವ ಹಿಡಿದದ್ದು ಒಂದೇ ಪಟ್ಟು.

"ಇದಕ್ಕೆ ಹೊತ್ತು ಗೊತ್ತಾಗಲ್ಲ ಕಣಮ್ಮ."

"ಹಾಗಂದ್ರೆ ಏನು ಮಾವ?"

"ಬೆಳಗ್ಗೆ ತಗಡಿನ ದನಿ ಬೇರೆ, ಮಧ್ಯಾಹ್ನ ಬೇರೆ. ಬಿಸಿಲು ಏರಿದ ಹಾಗೆ ಅದರ ಮೈ ಸಡಿಲ ಆಗೋದು. ಊಟ ಆದ್ಮೇಲೆ ಹಾಡೋರಿಗೆ ಆ ಸಡಿಲ ದನೀನೇ ಚೆಂದ. ನಿಮ್ಮದು ಯಾವಾಗ ಕೇಳಿದ್ರೂ ಒಂದೇ ಥರ ಇದೆ."

"ಯಾವಾಗಲೂ ಒಂದೇ ಥರ ಇರ್ಲಿ ಅಂತಾನೇ ಜನ ಸಾಫ್ಟ್‌ವೇರ್ ಕೊಳ್ಳೋದು ಮಾವ!"

"ಕೊಳ್ಳೋರು ಸಾವಿರ ಹೇಳ್ಲಿ. ನನಗೆ ಹೊತ್ತು ಬೇಕು."

ಪೆಟ್ಟಿಗೆ ಎಸಿ ರೂಮಿನಲ್ಲಿ ತಣ್ಣಗೆ ಕೂತಿತ್ತು. ನಾವು ಬೆಳಗ್ಗೆ ಅಳೆದೆವು, ಮಧ್ಯಾಹ್ನ ಅಳೆದೆವು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದನ್ನು ತೋರಿಸಿದರೆ, "ಅದನ್ನ ಫ್ರಿಜ್ಜಲ್ಲಿಟ್ಟು ಬೆವರು ಬರ್ಲಿಲ್ಲ ಅಂದ್ರೆ?" ಎಂದರು. ಯಜಮಾನಿ ದಿನಕ್ಕೆ ನಾಲ್ಕು ಸಲ ನನ್ನ ಮೇಜಿನ ಬಳಿ ಬಂದು, "ನಿಮ್ಮ ಮಾವ ಏನಂದ್ರು?" ಎಂದು ಕೇಳುವರು. ಇತ್ತ ಮಾವ, ಅತ್ತ ಯಜಮಾನಿ, ನಡುವೆ ನಾನು ಅಪ್ಪಚ್ಚಿ. ರಾತ್ರಿ ಗಂಡನ ಹತ್ತಿರ ಹೇಳಿಕೊಂಡರೆ, "ನೀನೇ ತಾನೇ ಕರ್ಕೊಂಡು ಹೋಗಿದ್ದು" ಎಂದು ಮಗ್ಗುಲು ಬದಲಿಸಿದರು. ಆ ಮನೆತನದ ಗಂಡಸರೇ ಹಾಗೆ.

ಉಪಾಯ ಹೊಳೆದದ್ದು ಸೋಡಾಬುಡ್ಡಿಗೆ. ಒಪ್ಪಿದ್ದು ನಾನು. ತೆರೆಯ ಮೇಲೆ ಹೊಸದೊಂದು ನಾಬ್ ಬರೆದೆವು. ಅದರ ಕೆಳಗೆ 'ಹೊತ್ತು' ಎಂಬ ಹೆಸರು, ಒಂದು ತುದಿಗೆ ಪುಟ್ಟ ಸೂರ್ಯೋದಯ, ಇನ್ನೊಂದು ತುದಿಗೆ ನೆತ್ತಿಯ ಸೂರ್ಯ. ತಿರುಗಿಸಿದರೆ ತಿರುಗುತ್ತದೆ, ಅದರ ಮೇಲಿನ ಬಿಳಿ ಗೆರೆ ಸರಿಯುತ್ತದೆ. ಅದರ ಹಿಂದೆ ಒಂದು ಸಾಲು ಲೆಕ್ಕವೂ ಇಲ್ಲ. ದನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಮಾವ ಹೆಡ್‌ಫೋನ್ ಹಾಕಿಕೊಂಡು ಕೂತರು. ನಾಬನ್ನು ನಿಧಾನವಾಗಿ ಮಧ್ಯಾಹ್ನದ ಕಡೆಗೆ ತಿರುಗಿಸಿದರು. ಮತ್ತೆ ಬೆಳಗಿಗೆ ತಂದರು. ಮತ್ತೆ ಮಧ್ಯಾಹ್ನ. ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿಯೇ ಇದ್ದರು. ಆಮೇಲೆ ಹೆಡ್‌ಫೋನ್ ತೆಗೆದು, ಅದರ ವೈರನ್ನು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟರು.

"ಹ್ಞಾ" ಎಂದರು. "ಈಗ ಬಂತು."

"ಎಷ್ಟು ಚೆನ್ನಾಗಿ ಬಂತಲ್ಲ ಮಾವ!" ಎಂದೆ ನಾನು. ಎಂಥ ನಾಟಕ! ಸೋಡಾಬುಡ್ಡಿ ಕೆಮ್ಮು ಬಂದವಳ ಹಾಗೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಓಡಿದಳು. ಯಜಮಾನಿ ಮಾವನ ಕೈ ಕುಲುಕಿದರು. ಬದುಕಿದೆಯಾ ಬಡಜೀವವೇ ಎಂದು ನಾನು ಕುರ್ಚಿಗೆ ಒರಗಿದೆ.

ಸಂಜೆ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದೆವು. ಮಾವ ಎಂದಿನ ಹಾಗೆ ಫುಟ್‌ಪಾತಿನ ಕಲ್ಲು ಸರಿಯಿಲ್ಲ ಎನ್ನಲಿಲ್ಲ. ಬಸ್ಸಿಗೆ ಕಾಯುವಾಗ ರಸ್ತೆಯನ್ನೇ ನೋಡುತ್ತ ಮಾತು ತೆಗೆದರು.

"ನಮ್ಮ ಸ್ಟುಡಿಯೋದಲ್ಲೂ ಒಂದು ನಾಬ್ ಇತ್ತಮ್ಮ."

"ಯಾವ ನಾಬ್ ಮಾವ?"

"ಮಿಕ್ಸಿಂಗ್ ಬೋರ್ಡಿನ ಬಲಗಡೆ ತುದೀಲಿ. ಒಳ್ಳೆ ಹೊಳೆಯೋದು. ಹಿಂದೆ ವೈರೇ ಇರ್ಲಿಲ್ಲ. ನಾನೇ ಕೂರಿಸಿದ್ದೆ. ಒಬ್ಬ ನಿರ್ಮಾಪಕರ ಭಾವಮೈದ ಬರ್ತಿದ್ದ. ಸುಮ್ಮನೆ ಕೂರೋನಲ್ಲ, ಅದು ಹೆಚ್ಚಿಸು, ಇದು ತಗ್ಗಿಸು ಅಂತ ಪ್ರಾಣ ತಿನ್ನೋನು. ತಗೋಪ್ಪ, ನೀನೇ ತಿರುಗಿಸು ಅಂತ ಅವನಿಗೆ ಅದನ್ನ ಕೊಟ್ಬಿಡ್ತಿದ್ವಿ."

ನನ್ನ ಕಿವಿ ಬಿಸಿಯಾಯಿತು.

"ಆದ್ರೆ ಅದನ್ನ ಎಲ್ಲರಿಗೂ ಕೊಡ್ತಿರ್ಲಿಲ್ಲ" ಎಂದರು ಮಾವ. "ಕೆಲಸ ಗೊತ್ತಿದ್ದೋರ ಹತ್ರ ಜಗಳ ಆಡ್ತಿದ್ವಿ. ಗೊತ್ತಿಲ್ದೋರಿಗೆ ಹೇಳಿ ಕೊಡ್ತಿದ್ವಿ. ಲೆಕ್ಕಕ್ಕೇ ಇಲ್ದೋರು ಅಂತ ಇರ್ತಾರಲ್ಲ, ಆ ನಾಬು ಅವರಿಗೆ. ಅವರು ತಿರುಗಿಸಿದ ಮೇಲೆ, ಎಷ್ಟು ಚೆನ್ನಾಗಿ ಬಂತು ಸಾರ್ ಅಂತಿದ್ವಿ."

"ಮಾವ, ನಾನು..."

"ಅವನೂ ಪ್ರತಿ ಸಲ, ಈಗ ಬಂತು ಅಂತಿದ್ದ. ನಾವು ಆಚೆ ಹೋಗಿ ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ." ಬಸ್ಸು ಬಂತು. ಮಾವ ಮೆಟ್ಟಿಲ ಮೇಲೆ ಕಾಲಿಟ್ಟು, "ಅವನಿಗೂ ಗೊತ್ತಿತ್ತೋ ಏನೋ, ಪಾಪ" ಎಂದರು.

ಮರುದಿನ ಬೆಳಗ್ಗೆ ಬಾಗಿಲ ಬಳಿ ಯಾರೂ ನಿಂತಿರಲಿಲ್ಲ. ಮಾವ ಬನಿಯನ್ನಿನಲ್ಲಿ ಕಿಟಕಿ ಪಕ್ಕ ಕೂತಿದ್ದರು. ಆಫೀಸಿಗೆ ಕರೆದೆ. "ನನ್ನ ಕೆಲಸ ಮುಗೀತಲ್ಲಮ್ಮ, ಹೂಂ ಅಂದಾಯ್ತಲ್ಲ" ಎಂದರು. ತಪ್ಪಾಯಿತು ಮಾವ ಎಂದು ನೇರವಾಗಿಯೇ ಹೇಳಿದೆ. "ಅದರಲ್ಲೇನಿದೆ ಬಿಡು" ಎಂದರು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಈ ಮನುಷ್ಯ ಅದಕ್ಕೂ ಅವಕಾಶ ಕೊಡಲಿಲ್ಲ.

ಆಮೇಲೆ ಶುರುವಾಯಿತು ಹೊಸ ಕಾಟ. ಅತ್ತೆ ಗಡಿಬಿಡಿಯಲ್ಲಿ ಸಕ್ಕರೆ ಹಾಕುವುದನ್ನೇ ಮರೆತ ಕಾಫಿ ಕೊಟ್ಟರು. ಮಾವ ಕುಡಿದು, "ಚೆನ್ನಾಗಿದೆ" ಎಂದರು. ಅನ್ನ ತಳ ಹಿಡಿಯಿತು. "ಚೆನ್ನಾಗಿದೆ." ನನ್ನ ಗಂಡ ಗೋಡೆಗೆ ಮೊಳೆ ಹೊಡೆಯಲು ಹೋಗಿ ಅಂಗೈಯಗಲ ಗಾರೆ ಉದುರಿಸಿದರು. ಅದೂ ಚೆನ್ನಾಗಿತ್ತು. ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಏನೇ ಆಗಿದೆ ಇವರಿಗೆ? ಹಣೆ ಮುಟ್ಟಿ ನೋಡ್ದೆ, ಜ್ವರಾನೂ ಇಲ್ಲ. ನನಗೆ ಭಯ ಆಗ್ತಿದೆ ಕಣೇ."

ಅವರಿಗೆ ಎಲ್ಲ ಹೇಳಿದೆ. ಅತ್ತೆ ನನ್ನನ್ನು ಬೈಯಲಿಲ್ಲ. ಸೌಟನ್ನು ಕೆಳಗಿಟ್ಟು, "ಹೋಗಿ ಸರಿಮಾಡು" ಎಂದರು, ಅಷ್ಟೆ.

ಆಫೀಸಿಗೆ ಹೋದವಳೇ ಯಜಮಾನಿಗೆ ಮಾವನ ಒಪ್ಪಿಗೆ ಸುಳ್ಳೆಂದು ಹೇಳಿದೆ. ಅವರು ಕೂಗಾಡಿದರು. ನಾನೂ ಕೂಗಾಡಿದೆ. ಕೊನೆಗೆ ಬಿಡುಗಡೆ ಮುಂದಕ್ಕೆ ಹೋಯಿತು. ಸೋಡಾಬುಡ್ಡಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸುಡುಗಾಡು ನಾಬನ್ನು ತಗಡಿನ ಬಿಗಿತದ ಲೆಕ್ಕಕ್ಕೆ ಜೋಡಿಸಿದೆ. ನಿಜ ಹೇಳಬೇಕೆಂದರೆ ನಮ್ಮಿಬ್ಬರ ಕಿವಿಗೂ ಅಂಥ ವ್ಯತ್ಯಾಸವೇನೂ ತಿಳಿಯಲಿಲ್ಲ. ಬೇಕೋ ಬೇಡವೋ ಎಂದು ನೂರು ಸಲ ಅನ್ನಿಸಿತು. ಆದರೂ ಲ್ಯಾಪ್‌ಟಾಪ್ ಎತ್ತಿಕೊಂಡು ಸಂಜೆ ಬೆಳಕಿರುವಾಗಲೇ ಮನೆಗೆ ಬಂದು ಮಾವನ ಮುಂದೆ ಇಟ್ಟೆ.

ಮಾವ ಹೆಡ್‌ಫೋನ್ ಹಾಕಿಕೊಂಡರು. ನಾಬನ್ನು ಮುಟ್ಟಲೇ ಇಲ್ಲ. ಹಾಡು ಮುಗಿಯುವವರೆಗೂ ಮರ್ಯಾದೆಯಿಂದ ಕೂತಿದ್ದು, "ಚೆನ್ನಾಗಿದೆಯಮ್ಮ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು.

"ಚೆನ್ನಾಗಿಲ್ಲ ಮಾವ! ಯಾವುದೂ ಚೆನ್ನಾಗಿಲ್ಲ! ಆ ಕಾಫಿ ಚೆನ್ನಾಗಿರ್ಲಿಲ್ಲ, ಅನ್ನ ಸೀದಿತ್ತು, ನಾನು ಮಾಡಿದ್ದು ಹಲ್ಕಾ ಕೆಲಸ. ಎರಡು ಬಿಟ್ಟಾದ್ರೂ ಬಿಡಿ. ಆದ್ರೆ ನನ್ನನ್ನ ಆ ಭಾವಮೈದನ ಹಾಗೆ ಕೂರಿಸ್ಬೇಡಿ!"

ಕೂಗಿದ ಮೇಲೆ ಅಳು ಬಂತು. ಮಾವ ನನ್ನನ್ನು ನೋಡಿದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಾವ ಬೆರಳಿಟ್ಟು ನಾಬನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ತಂದರು. ಅವರ ಹುಬ್ಬು ಗಂಟಿಕ್ಕಿತು. ಇನ್ನೊಂದು ಸಲ ತಿರುಗಿಸಿದರು.

"ಇದೇನಿದು?" ಎಂದರು. "ಬಿಸಿಲೇರಿದ್ರೆ ತಗಡು ಸಡಿಲ ಆಗುತ್ತೆ ಅಂತ ಬಾಯಿ ಬಡ್ಕೊಂಡೆ. ಇಲ್ಲಿ ಬಿಗಿ ಆಗ್ತಾ ಇದೆ. ತಲೆಕೆಳಗೆ ಜೋಡಿಸಿದೀರಲ್ಲೇ! ಆ ಸೋಡಾಬುಡ್ಡಿಗೆ ಕಣ್ಣಿಲ್ಲ ಸರಿ, ನಿನಗೆ ಕಿವಿಯೂ ಇಲ್ವಾ? ಇದನ್ನ ಹೊರಗೆ ಕಳಿಸಿ ನನ್ನ ಹೆಸರು ಹಾಕ್ತಿದ್ರಾ? ನಾಚಿಕೆ ಆಗ್ಬೇಕು!"

ಸೋಡಾಬುಡ್ಡಿ ಲೆಕ್ಕದಲ್ಲಿ ಕಳೆಯುವ ಕಡೆ ಕೂಡಿದ್ದಳು. ನಾನು ಅದನ್ನು ನೋಡಿಯೇ ಇರಲಿಲ್ಲ. ಮಾವ ಬೈಯುತ್ತಲೇ ಇದ್ದರು. ಅಷ್ಟು ಬೈಗುಳವನ್ನು ಅಷ್ಟು ಸಂತೋಷದಿಂದ ನಾನು ಯಾವತ್ತೂ ಕೇಳಿರಲಿಲ್ಲ. ಅತ್ತೆ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಮಾವ ಒಂದು ಗುಟುಕು ಹೀರಿ, "ಸಕ್ಕರೆ ಸುರಿದಿದೀಯಲ್ಲೇ" ಎಂದರು.

"ಈರುಳ್ಳಿ" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮಾರನೆಯ ದಿನದಿಂದ ಇಸ್ತ್ರಿ ಅಂಗಿ ಮತ್ತೆ ಬಾಗಿಲಿಗೆ ಬಂದು ನಿಂತಿತು. ತಲೆಕೆಳಗಾದದ್ದನ್ನು ಸರಿಪಡಿಸಿದ ಮೇಲೆ ಆ ರಿವರ್ಬ್ ಮಾರ್ಕೆಟ್ಟಿಗೆ ಹೋಯಿತು. ಈಗ ನಾವು ಇನ್ನೊಂದು ಹಳೆಯ ಯಂತ್ರ ಹಿಡಿದಿದ್ದೇವೆ. ಮಾವನ ಕಾಟ ಒಂದು ಚೂರೂ ಕಡಿಮೆಯಾಗಿಲ್ಲ. ಯಜಮಾನಿ ತಲೆ ಚಚ್ಚಿಕೊಳ್ಳುತ್ತಾರೆ, ನಾನು ಹಲ್ಲು ಕಡಿಯುತ್ತೇನೆ. ಒಂದೇ ಒಂದು ಸಂಗತಿ ಬದಲಾಗಿದೆ. ತೆರೆಯ ಮೇಲೆ ಹೊಸ ನಾಬ್ ಕಂಡಾಗಲೆಲ್ಲ ಮಾವ ಮೊದಲು ಬೆರಳನ್ನು ಹಿಂದಕ್ಕೆಳೆದುಕೊಂಡು ನನ್ನನ್ನು ಕೇಳುತ್ತಾರೆ.

"ಇದಕ್ಕೆ ವೈರ್ ಇದೆ ತಾನೇ ಅಮ್ಮ?"

"ಇದೆ ಮಾವ" ಎನ್ನುತ್ತೇನೆ.

ಆಗ ಅವರು ನಾಬನ್ನು ಆ ತುದಿಯಿಂದ ಈ ತುದಿಯವರೆಗೆ ತಿರುಗಿಸುತ್ತಾರೆ. ತಿರುಗಿಸುವಾಗ ತೆರೆಯ ಕಡೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ.