ಸೊರಗಿದ ಸ್ಪಂಜುಗಳು

ಸ್ಪಂಜಿನ ಎರಡನೆಯ ಕೊಯ್ಲಿಗೆಂದು, ಕೊಲ್ಲಿಯಲ್ಲಿ ಚಿಪ್ಪು ಬೆಳೆಸುವ ಹಿನೆವೈಯ ದೋಣಿಯಲ್ಲಿ ಹೊರಟಿದ್ದಾಗ ಫ್ರೇಯಾಳ ಫೋನು ಬಂತು. ವೆಲಿಂಗ್ಟನ್ನಿನ ನಮ್ಮ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷ ನನ್ನೊಡನೆ ದುಡಿದ ರಸಾಯನಜ್ಞೆ ಅವಳು. ಸುತ್ತಿ ಬಳಸಿ ಮಾತಾಡುವವಳಲ್ಲ.

"ಡಂಕನ್, ಇದ್ರಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ಕಡಿಮೆ ಇದ್ಯಾ?"

"ಕಡಿಮೆ ಇದ್ದಿದ್ರೆ ಕಡಿಮೆ ಅಂತಿದ್ದೆ. ಮೂರು ಸಲ ನೋಡ್ದೆ. ನಲವತ್ತು ಕಿಲೋ ಸ್ಪಂಜು ಅರೆದು ಹಿಂಡಿದ್ರೆ ಬಂದಿದ್ದು ಉಪ್ಪು, ಜಿಡ್ಡು, ಗಬ್ಬುನಾತ."

ನಮಗೆ ಬೇಕಿದ್ದುದು ಒಂದು ಚಿಟಿಕೆ ಬಿಳಿಯ ಪುಡಿ. ಜೀವಕೋಶ ಎರಡಾಗುವ ಹೊತ್ತಿಗೆ ಅದರೊಳಗೆ ನೂಲಿಗಿಂತ ಎಷ್ಟೋ ಸಪೂರವಾದ ಕೊಳವೆಗಳು ಹೆಣೆದುಕೊಳ್ಳುತ್ತವೆ, ಕೆಲಸ ಮುಗಿದೊಡನೆ ಬಿಚ್ಚಿಕೊಳ್ಳುತ್ತವೆ. ಆ ಪುಡಿ, ಅಂದರೆ ಈ ಕೊಲ್ಲಿಯ ತಳಕ್ಕಂಟಿ ಬದುಕುವ ಸ್ಪಂಜುಪ್ರಾಣಿಯ ವಿಷ, ಅವುಗಳನ್ನು ಬಿಚ್ಚಗೊಡುವುದಿಲ್ಲ. ಎರಡಾಗಲು ಹೊರಟ ಕ್ಯಾನ್ಸರ್ ಕೋಶ ಹೊಸ್ತಿಲಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಗಾಜಿನ ತಟ್ಟೆಯಲ್ಲಿ ಅದನ್ನು ಕಂಡಿದ್ದೆವು. ಹಳೆಯ ಔಷಧಿಗೆ ಜಗ್ಗದ ಕೋಶಗಳೂ ಮಣಿದಿದ್ದವು. ಇನ್ನು ಇಲಿಗಳಲ್ಲಿ ನೋಡಬೇಕಿತ್ತು. ಅದಕ್ಕಾಗಿ ಹೊರದೇಶದ ಪ್ರಯೋಗಾಲಯವೊಂದು ನಮಗೆ ಸರದಿ ಕಾದಿರಿಸಿತ್ತು. ತಿಂಗಳ ಕೊನೆಗೆ ಪುಡಿ ತಲುಪದಿದ್ದರೆ ಆ ಸರದಿ ಬೇರೊಂದು ಔಷಧಿಯ ಪಾಲು. ಕಡಲ ತಳದಿಂದ ಅಷ್ಟು ಸ್ಪಂಜು ಕಿತ್ತರೆ ಕೊಲ್ಲಿಯೇ ಬೋಳಾದೀತೆಂದು, ಹಿನೆವೈ ನೀರಿಗೆ ಇಳಿಬಿಟ್ಟು ಪಚ್ಚಿಲೆ ಎಂಬ ತಿನ್ನುವ ಚಿಪ್ಪನ್ನು ಬೆಳೆಸುವ ಹಗ್ಗಗಳ ಪಕ್ಕದಲ್ಲಿ ಎರಡು ವರ್ಷ ಅದನ್ನು ಬೆಳೆಸಿದ್ದೆವು.

"ಯಾರು ಸತ್ರು ಕೋರೊ? ಮುಖ ಹಂಗಿದೆ," ಎಂದಳು ಹಿನೆವೈ ಚುಕ್ಕಾಣಿಯಿಂದ. ಮಾವೊರಿ ಮಾತಿನಲ್ಲಿ ಕೋರೊ ಎಂದರೆ ಅಜ್ಜ. ಎಪ್ಪತ್ಮೂರರ ನನ್ನನ್ನು ಐವತ್ತರ ಅವಳು ಗೌರವಕ್ಕೂ ಕೀಟಲೆಗೂ ಹಾಗೆಯೇ ಕರೆಯುತ್ತಾಳೆ.

"ಸ್ಪಂಜಲ್ಲಿ ಔಷಧಿ ಇಲ್ವಂತೆ."

"ಇಲ್ದೆ ಎಲ್ಲಿಗೆ ಹೋಗುತ್ತೆ? ಎಂಥಾ ಫಸಲು ಕಳ್ಸಿದೀನಿ! ಒಂದೊಂದೂ ನನ್ನ ಗಂಡನ ತಲೆಯಷ್ಟು. ಒಳಗೂ ಅವನ ತಲೆ ಥರಾನೇ ಖಾಲಿ ಅಂದ್ರೆ ನಾನೇನು ಮಾಡ್ಲಿ?"

ನಾನು ನಗಲಿಲ್ಲ. "ಮೊದ್ಲು ಹಾಕಿದಾಗ ಅಷ್ಟು ದಪ್ಪ ಇರ್ಲಿಲ್ವಲ್ಲ."

"ಅದ್ರಲ್ಲಿ ಅರ್ಧ ಪೀಚು. ಮಾಸಲು ಬಣ್ಣ, ಮುಟ್ಟಿದ್ರೆ ಕೈಯೆಲ್ಲಾ ಲೋಳೆ. ಚಳಿಗಾಲ ಬಂದಾಗೆಲ್ಲ ಅವನ್ನ ಕಿತ್ತೆಸೆದು, ಸೊಂಪಾಗಿ ಬಂದಿದ್ದನ್ನ ತುಂಡು ಮಾಡಿ ಆ ಜಾಗಕ್ಕೆ ಕಟ್ದೆ. ಚಿಪ್ಪಿಗೂ ಹಂಗೇ ಮಾಡೋದು. ಅಪ್ಪ ಕಲ್ಸಿದ್ದು."

ನಾನು ಹಗ್ಗದ ಸುರುಳಿಯ ಮೇಲೆ ಕುಳಿತೆ. ನೋಡಲು ಒಂದೇ ಆದ ಈ ಸ್ಪಂಜಿನಲ್ಲಿ ಎರಡು ಪಂಗಡ: ಒಂದು ವಿಷ ಕೂಡಿಡುತ್ತದೆ, ಇನ್ನೊಂದು ಇಲ್ಲ. ವಿಷಕ್ಕೆ ವ್ಯಯಿಸುವ ಕಸುವನ್ನು ಎರಡನೆಯದು ಬಹುಶಃ ಮೈ ಬೆಳೆಸಲು ಬಳಸುತ್ತದೆ. ಹಿನೆವೈ ಕಿತ್ತೆಸೆದದ್ದು ಮೊದಲನೆಯದನ್ನು. ಎರಡು ಪಂಗಡಗಳ ಬಗ್ಗೆ ನಾನು ಆರು ಪುಟಗಳ ಲೇಖನ ಬರೆದಿದ್ದೆ. ಹಗ್ಗ ಎಳೆಯುವವಳಿಗೆ ಒಂದು ಮಾತು ಹೇಳಿರಲಿಲ್ಲ.

"ಎಸೆಯೋ ಮುಂಚೆ ಕೇಳ್ಬಾರ್ದಿತ್ತಾ ಹಿನೆವೈ?" ನನ್ನ ದನಿ ಕೀರಲಾಗಿತ್ತು.

"ಕೇಳಿದ್ದೆ." ಒದ್ದೆ ಹೆಬ್ಬೆರಳಿನಲ್ಲಿ ಫೋನು ತಡಕಿ ಓದಿದಳು: "'ನಿನ್ನ ಕಸುಬು ನಿನಗೇ ಚೆನ್ನಾಗಿ ಗೊತ್ತು. ಚೆನ್ನಾಗಿ ಬೆಳೆದದ್ದನ್ನು ಉಳಿಸಿಕೋ.' ಯಾರು ಬರ್ದಿದ್ದು? ಎಷ್ಟು ಖುಷಿಯಾಗಿತ್ತು ಗೊತ್ತಾ ನಂಗೆ? ಮನೇಲೆಲ್ಲಾ ಓದಿ ಹೇಳ್ದೆ."

ಬೈಯಲು ಯಾರೂ ಉಳಿಯಲಿಲ್ಲ. ಆ ಸೌಜನ್ಯದ ಸಾಲನ್ನು ತಿದ್ದಿ ತೀಡಿ ಬರೆದದ್ದು ನನಗೆ ನೆನಪಿತ್ತು.

"ಎಲ್ಲಾ ಎಸೆದ್ಯಾ?"

"ಕೊನೇ ಹಗ್ಗ ಒಂದು ಬಾಕಿ. ಬೆನ್ನು ಹಿಡ್ಕೊಂಡಿತ್ತು, ಪೀಚು ಕೀಳ್ದೆ ಬಿಟ್ಟಿದ್ದೆ."

ರಾಟೆ ಕಿರುಗುಟ್ಟುತ್ತ ಹಗ್ಗವನ್ನು ಮೇಲೆತ್ತಿತು. ಸೊಂಪಾದವುಗಳ ನಡುವೆ ಸೊರಗಿದ, ಮಂಕು ಬಣ್ಣದ ಅರವತ್ತು ಸ್ಪಂಜುಗಳು, ಅಂಗೈಯಗಲದವು. ಹಿನೆವೈ ಅವನ್ನು ನೀರು ತುಂಬಿದ ತೊಟ್ಟಿಗೆ ಇಳಿಸಿದಳು. ನಾನು ಮತ್ತೆ ಫ್ರೇಯಾಳಿಗೆ ಫೋನು ಮಾಡಿದೆ.

"ಅಷ್ಟನ್ನೂ ಅರೆದ್ರೂ ಒಂದು ಇಲಿಗೂ ಸಾಲಲ್ಲ," ಎಂದಳು.

"ಬೀಜಕ್ಕೆ ಕತ್ತರಿಸಿದ್ರೆ?"

"ಇನ್ನೆರಡು ವರ್ಷ. ಸರದಿಯಂತೂ ಹೋಯ್ತು." ಆಮೇಲೆ ಕೇಳಿದಳು: "ಅಲ್ಲೀವರೆಗೆ ನೀವು ಇರ್ತೀರಾ?"

ಮುಂದಿನ ಜೂನ್‌ಗೆ ನಾನು ನಿವೃತ್ತನಾಗಿ ಪ್ರಯೋಗಾಲಯದ ಕೋಣೆ ಖಾಲಿ ಮಾಡಿಕೊಡಬೇಕೆಂದು ಇಬ್ಬರಿಗೂ ಗೊತ್ತಿತ್ತು. ಈ ಅರವತ್ತನ್ನು ಅರೆದರೆ ನನ್ನ ಹೆಸರಿನ ಚೀಟಿ ಅಂಟಿಸಿದ ಒಂದು ಪುಟ್ಟ ಸೀಸೆಯಾದರೂ ಉಳಿಯುತ್ತಿತ್ತು.

"ಅರೆಯೋದೋ, ಕಟ್ಟೋದೋ?" ಹಿನೆವೈ ಕೇಳಿದಳು. "ಬೇಗ ಹೇಳಿ. ತೊಟ್ಟಿ ನೀರು ಬಿಸಿಯಾಗ್ತಾ ಇದೆ."

"ಕಟ್ಟು," ಎಂದೆ, ಬೈಗುಳದಂತೆ.

ಅವಳು ಚಾಕು ಚಾಚಿದಳು. ಸಿಟ್ಟಿನಲ್ಲೇ ಕೊಯ್ದೆ. ಮೊದಲ ತುಂಡು ಮುಷ್ಟಿಯಷ್ಟಾಯಿತು.

"ಇದೇನು, ಊಟಕ್ಕಾ? ಸಣ್ಣಕ್ಕೆ ಹೆಚ್ಚಿ ಕೋರೊ. ನೂರೆಂಬತ್ತಾದ್ರೂ ಆಗ್ಬೇಕು."

ನಾನು ಆ ತುಂಡನ್ನು ಮತ್ತೆ ಮೂರಾಗಿ ಸೀಳಿದೆ.