ಹಸಿರು ಶಾಲಿಗೆ ಹತ್ತಿದ ಘಮ

ಅವಳು ಮಾಡಿದ್ದೇನು ಮಹಾ ಅಪರಾಧವೇ? ಒಂದು ಬನ್ನು ತಿಂದಳು, ಅಷ್ಟೇ. ಸರಿ, ಒಂದಲ್ಲ, ಎರಡು. ಆದರೆ ಮನಸ್ಸು ಒಪ್ಪಬೇಕಲ್ಲ! ಗಂಟಲಿನ ಆಪರೇಷನ್ ಆದಾಗಿನಿಂದ ಗಂಡನಿಗೆ ಹೊಟ್ಟೆಗೆ ಹಾಕಿದ ಪೈಪಿನಲ್ಲೇ ಊಟ. ಜೀವಮಾನವಿಡೀ ಬೇಕರಿ ಒಲೆಯ ಮುಂದೆ ನಿಂತ ಮನುಷ್ಯ, ಈಗ ಒಂದು ತುತ್ತು ನುಂಗುವ ಹಾಗಿಲ್ಲ. ಅವನಿಗೆ ಆಸೆಯಾಗಬಾರದೆಂದು ಅವಳು ಮನೆಯಲ್ಲಿ ಹುರಿಯುವುದು, ಕರಿಯುವುದು ಎಲ್ಲ ಬಂದ್ ಮಾಡಿದ್ದಳು. ತಾನೂ ಅಡುಗೆಮನೆ ಬಾಗಿಲು ಮುಚ್ಚಿಕೊಂಡು, ನಿಂತೇ, ತಣ್ಣನೆಯ ಗಂಜಿ ಕುಡಿದು ಬಾಯೊರೆಸಿಕೊಳ್ಳುತ್ತಿದ್ದಳು.

ಅವತ್ತು ಆಸ್ಪತ್ರೆಯಿಂದ ಅವನ ಔಷಧಿ ತರುವಾಗ, ರೈಲು ಬದಲಿಸಲು ಹಳೇ ಸ್ಟೇಷನ್ನಿನಲ್ಲಿ ಇಳಿದಳು. ಮುತ್ತಜ್ಜನ ಕಾಲದ ಕಟ್ಟಡ. ಗಾಜಿನ ಸೂರು, ಸವೆದ ಕಲ್ಲಿನ ಮೆಟ್ಟಿಲು. ಟಿಕೆಟ್ ಕೊಡುತ್ತಿದ್ದ ಸಾಲಿನಲ್ಲಿ ಈಗ ಬಟ್ಟೆಯಂಗಡಿ, ಜ್ಯೂಸಂಗಡಿ. ಮೊದಲ ದರ್ಜೆಯವರು ಕೂರುತ್ತಿದ್ದ ಕೋಣೆಯಲ್ಲಿ ಬೇಕರಿ. ಸುಮ್ಮನೆ ನೋಡೋಣವೆಂದು ಹೋದವಳು ಒಂದು ಹಸಿರು ಶಾಲು ಕೊಂಡಳು. ಅದು ಹೆಗಲೇರಿದ ಮೇಲೆ ಅವಳನ್ನು ಹಿಡಿಯುವವರು ಯಾರು? ಬೇಕರಿಯ ಒಲೆಯ ಪಕ್ಕದ ಮೇಜಿನಲ್ಲಿ ಕೂತು ಬೆಣ್ಣೆ ಬನ್ನು ತರಿಸಿದಳು, ಕಾಫಿ ತರಿಸಿದಳು. ಅವಳ ರೈಲು ಬಂತು, ಹೋಯಿತು. ಹೋದರೆ ಹೋಗಲಿ ಎಂದು ಇನ್ನೊಂದು ಬನ್ನು ಹೇಳಿದಳು. ಬೆರಳಿಗಂಟಿದ ಬೆಣ್ಣೆಯನ್ನೂ ಬಿಡಲಿಲ್ಲ, ಪುಣ್ಯಾತ್ಗಿತ್ತಿ.

ತಟ್ಟೆ ಖಾಲಿಯಾದ ಮೇಲೆ ಗಂಡನ ನೆನಪಾಯಿತು. ಅಲ್ಲಿ ಅವರು ಕಿಟಕಿ ಹತ್ತಿರ ಕೂತು ದಾರಿ ಕಾಯುತ್ತಿದ್ದಾರೆ, ಇಲ್ಲಿ ನಾನು! ನಾಚಿಕೆಯಿಂದ ಹಿಡಿಯಷ್ಟಾದಳು. ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಕೈ ತೊಳೆದಳು, ಬಾಯಿ ಮುಕ್ಕಳಿಸಿದಳು, ಶಾಲನ್ನು ಮಡಿಚಿ ಚೀಲದಲ್ಲಿ ಔಷಧಿಯ ಕೆಳಗೆ ಹುದುಗಿಸಿದಳು.

ಯಾಕೆ ತಡವಾಯಿತೆಂದು ಗಂಡ ಕೇಳಲೇ ಇಲ್ಲ. ಅವಳೇ ರೈಲು ಕೆಟ್ಟು ನಿಂತಿತ್ತು ಅಂತೆಲ್ಲ ಬಾಯಿಗೆ ಬಂದದ್ದು ಒದರಿದಳು. ಅವನು ಔಷಧಿಗೆಂದು ಚೀಲಕ್ಕೆ ಕೈ ಹಾಕಿದ. ಬಾಟಲಿಯ ಜೊತೆ ಶಾಲೂ ಬಂತು. ಕೈಬಾಯಿ ತೊಳೆದವಳು ಹೊಸ ಶಾಲನ್ನು ತೊಳೆಯಲಾದೀತೇ? ಒಲೆಯ ಪಕ್ಕದ ಘಮವೆಲ್ಲ ಅದರಲ್ಲೇ ಕೂತಿತ್ತು. ಅವನು ಅದನ್ನು ಮೂಗಿಗೊತ್ತಿಕೊಂಡು ಕಣ್ಣು ಮುಚ್ಚಿದ.

ಅವಳು ಅಳುತ್ತಾ, ತಪ್ಪಾಯಿತು, ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದಳು.

"ನನ್ನ ಗಂಟಲು ಹೋಗಿದೆ ಕಣೇ, ಮೂಗಲ್ಲ," ಎಂದ ಅವನು ಒಡಕು ದನಿಯಲ್ಲಿ. "ಈ ಮನೇಲಿ ಏನಾದ್ರೂ ಘಮ್ಮಂದು ಎಷ್ಟು ದಿನ ಆಯ್ತು? ಅದನ್ನೂ ನೀನೇ ಮುಚ್ಚಿಟ್ಟೆ."

ಅವಳಿಗೆ ಆಗ ಹೊಳೆಯಿತು. ಪ್ರೀತಿಯಿಂದ ಮಾಡಿದೆ ಅಂದುಕೊಂಡದ್ದೇ ಅವನನ್ನು ಇಷ್ಟು ದಿನ ಉಪವಾಸ ಕೆಡವಿತ್ತು. ಇದರ ಮುಂದೆ ಬನ್ನು ತಿಂದದ್ದು ಯಾವ ಲೆಕ್ಕ?

ಬನ್ನು ಹೇಗಿತ್ತು ಎಂದು ಅವನು ಕೇಳಿದ. ಅಷ್ಟೇನೂ ಚೆನ್ನಾಗಿರಲಿಲ್ಲ ಎಂದಳು. ಅವನು ಶಾಲನ್ನು ಮಡಿಲಲ್ಲಿಟ್ಟುಕೊಂಡು ಅವಳ ಮುಖವನ್ನೇ ನೋಡುತ್ತಾ ಕೂತ.

"ತುಂಬಾ ಚೆನ್ನಾಗಿತ್ತು ರೀ," ಎಂದಳು ಅವಳು ಕೊನೆಗೆ. "ಎರಡು ತಿಂದೆ."